ನೌಕರರು ಬಯಸ್ಕೋಪ್ ಡೇರೆಯಲ್ಲಿ ನಗುವ ಕ್ರಮದ ಬಗ್ಗೆ

ಸುತ್ತೋಲೆ ಸಂಖ್ಯೆ: ಸಿಬ್ಬಂದಿ/ನಗು/೭/೧೯೩೫–೩೬
ಮಂಡ್ಯ, ತಾರೀಖು ೨೭ನೇ ಫೆಬ್ರವರಿ ೧೯೩೬

ವಿಷಯ: ಹಾಸ್ಯದ ಚಿತ್ರಗಳನ್ನು ನೋಡುವಾಗ ನೌಕರರು ನಗಬಹುದಾದ ಪ್ರಮಾಣ, ದಿಕ್ಕು ಮತ್ತು ಸರದಿ.

ಉಲ್ಲೇಖ: ೧. ಮದ್ದೂರು ಶಾಖಾಧಿಕಾರಿಗಳ ದೂರು, ತಾ. ೮-೨-೩೬ (ಕೋಪದಲ್ಲಿ ಬರೆದದ್ದು). ೨. ಸದರಿಯವರದೇ ಪತ್ರ, ತಾ. ೨೨-೨-೩೬ (ಹಾಗಲ್ಲದೆ ಬರೆದದ್ದು).

ಮದ್ದೂರಿನ ಸಂತೆಮಾಳದಲ್ಲಿ ಮೂರು ವಾರದಿಂದ ಬೀಡುಬಿಟ್ಟಿದ್ದ ಬಯಸ್ಕೋಪ್ ಡೇರೆಗೆ ತಾ. ೮ರ ಸಂಜೆ ಶಾಖಾಧಿಕಾರಿ ಶ್ರೀ ಯೋಗಾನರಸಿಂಹಯ್ಯನವರು ಸಕುಟುಂಬರಾಗಿ ದಯಮಾಡಿಸಿದ್ದರು. ಸಾಹೇಬರು ಗಂಡಸರ ಕಡೆ ಹಿಂದಿನ ಕುರ್ಚಿಯಲ್ಲಿ, ಶ್ರೀಮತಿ ಕನಕಲಕ್ಷ್ಮಮ್ಮನವರು ಬಟ್ಟೆಯ ಪರದೆಯ ಆಚೆ ಹೆಂಗಸರ ಬೆಂಚಿನಲ್ಲಿ, ಜವಾನ ನಿಡಘಟ್ಟದ ತಿಮ್ಮಯ್ಯ ನೆಲದ ಮರಳಿನಲ್ಲಿ ಆಸೀನರಾಗಿದ್ದರೆಂದು ತಿಳಿದುಬಂದಿದೆ.

ಅಂದಿನದು ಮಾತಿಲ್ಲದ ಚಿತ್ರ. ಹೆಸರು ಬರುವ ಭಾಗದ ರೀಲು ಹರಿದುಹೋಗಿದ್ದರಿಂದ ಹೆಸರು ಇಲಾಖೆಗೆ ಗೊತ್ತಾಗಿಲ್ಲ. ಅದರಲ್ಲಿ ಒಬ್ಬ ದೊಡ್ಡ ಅಧಿಕಾರಿ ಹಳ್ಳಿಗೆ ಬಂದು, ಕುರ್ಚಿಯಲ್ಲಿ ಕೂತು, ಬೆರಳೆತ್ತಿ ರೈತರಿಗೆ ಬುದ್ಧಿ ಹೇಳುತ್ತಾನೆ. ಹಿಂದೆ ಕಟ್ಟಿದ್ದ ಕರು ಅವನ ತಲೆಯ ರುಮಾಲಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಮೇಯತೊಡಗುತ್ತದೆ. ಬೆರಳು ಏರಿದಷ್ಟೂ ರುಮಾಲು ಬಿಚ್ಚಿಕೊಳ್ಳುತ್ತದೆ. ಅಧಿಕಾರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ.

ಈ ಘಟ್ಟದಲ್ಲಿ ತಿಮ್ಮಯ್ಯನು, "ಅಯ್ಯೋ, ನಮ್ ಸಾಯೇಬ್ರು ಕಣ್ಲಾ" ಎಂದು ಪಕ್ಕದವನಿಗೆ ಹೇಳಿದ್ದು ಡೇರೆಗೆಲ್ಲ ಕೇಳಿಸಿದೆ. ನೆಲದಲ್ಲಿದ್ದ ಜನರೆಲ್ಲ ತೆರೆಗೆ ಬೆನ್ನು ಮಾಡಿ ಸಾಹೇಬರ ಕುರ್ಚಿಯನ್ನು ನೋಡಿ ನಕ್ಕಿದ್ದಾರೆ. ಸಾಹೇಬರು ಎದ್ದು ನಿಂತು, ಬೆರಳೆತ್ತಿ, ಏನನ್ನೋ ಹೇಳಲು ಹೋಗಿ, ನಗು ಇಮ್ಮಡಿಯಾಗಲಾಗಿ ಚಿತ್ರವನ್ನು ಅರ್ಧಕ್ಕೆ ಬಿಟ್ಟು ಹೊರಟುಹೋಗಿದ್ದಾರೆ. ಅದೇ ದಿನ ತಿಮ್ಮಯ್ಯನನ್ನು ಕೆಲಸದಿಂದ ನಿಲ್ಲಿಸಲಾಗಿದೆ. ಹನ್ನೊಂದು ವರ್ಷದ ನೌಕರಿ, ಮನೆಯಲ್ಲಿ ಆರು ಜನ ಎಂಬುದನ್ನು ಆತನ ಅರ್ಜಿಯಲ್ಲಿ ಬೇರೆಯವರು ಬರೆದುಕೊಟ್ಟಿದ್ದಾರೆ. ತಾನಾಗಿ ಆತನು ಹೇಳಿದ್ದು ಇಷ್ಟೇ: "ಬೇಕು ಅಂತ ನಗ್ನಿಲ್ಲ ಸ್ವಾಮಿ. ತಡ್ಕಂಡೆ. ಬಾಯ್ಗೆ ವಲ್ಲಿಬಟ್ಟೆ ತುರುಕ್ಕಂಡೆ. ಅದು ಮೂಗ್ನಲ್ಲಿ ಬಂತು."

ತಾ. ೨೧ರಂದು ಮದ್ದೂರಿನಲ್ಲಿ ಕೆಳಗೆ ಸಹಿ ಮಾಡಿದವರಿಂದ ವಿಚಾರಣೆ ನಡೆಸಲಾಯಿತು. ಡೇರೆಯ ಬಾಗಿಲಲ್ಲಿ ಕಡಲೆಕಾಯಿ ಮಾರುವ ಮರಿತಾಯಮ್ಮ ಅದೇ ಚಿತ್ರವನ್ನು ಒಂಬತ್ತು ಸಂಜೆ ನೋಡಿದವಳಾದ್ದರಿಂದ ಆಕೆಯನ್ನು ತಜ್ಞೆಯೆಂದು ಪರಿಗಣಿಸಲಾಯಿತು. ಆಕೆಯ ಅಭಿಪ್ರಾಯದಲ್ಲಿ, ಧಡೂತಿ ಪೋಲೀಸಿನವನು ಸುಣ್ಣದ ತೊಟ್ಟಿಗೆ ಬೀಳುವುದು ಸುಮಾರು, ಮದುವೆಗಂಡು ಕಣಜದೊಳಗೆ ಅವಿತುಕೊಂಡು ಸೀನುವುದು ಚೆನ್ನ, ಕರುವಿನದಕ್ಕೆ ಸಮವಿಲ್ಲ. ನಕ್ಕದ್ದು ಯಾರೆಂದು ಕೇಳಲಾಗಿ, "ನಗು ಸುರುವಾಗಿದ್ದೇ ನಮ್ ಎಂಗಸ್ರ ಕಡೆಯಿಂದ. ತಿಮ್ಮಯ್ಯ ಆಮೇಲೆ ನಕ್ಕುದ್ದು. ಮೊದ್ಲು ಯಾರು ಅಂತ ನಾನು ಏಳಾಕಿಲ್ಲ. ನನ್ ತಾವ ಕಡ್ಳೆಕಾಯಿ ತಕ್ಕಂಡೋರ ಎಸ್ರ ಕಚೇರೀಲಿ ಏಳೋದಾದ್ರೆ ನನ್ ಯಾಪಾರ ಏನಾಗ್ಬೇಕು?" ಎಂದಳು.

ಅಷ್ಟರಲ್ಲಿ ಶಾಖಾಧಿಕಾರಿಗಳ ಮನೆಯಿಂದ ಒಂದು ಕಾಗದ ಬಂತು. ಅದನ್ನು ಯಥಾವತ್ತಾಗಿ ಇಲ್ಲಿ ಕೊಡಲಾಗಿದೆ:

"ಮೊದಲು ನಕ್ಕವಳು ನಾನು. ಆ ಬೆರಳನ್ನು ಹದಿನಾಲ್ಕು ವರ್ಷದಿಂದ ದಿನಾ ಊಟದ ಹೊತ್ತಿನಲ್ಲಿ ನೋಡುತ್ತಿದ್ದೇನೆ. ತಿಮ್ಮಯ್ಯ ನಕ್ಕದ್ದು ನನ್ನ ನಗು ಕೇಳಿ. ಕೆಲಸದಿಂದ ತೆಗೆಯುವುದಾದರೆ ಮೊದಲನೆಯವರಿಂದ ಶುರುವಾಗಬೇಕಲ್ಲವೇ? ನನ್ನನ್ನು ವಜಾ ಮಾಡುವ ಅಧಿಕಾರ ನಮ್ಮ ಯಜಮಾನರಿಗೆ ಇದೆಯೋ ಇಲ್ಲವೋ ವಿಚಾರಿಸಿ ತಿಳಿಸಬೇಕು. ಇದ್ದರೆ ಪೆಟ್ಟಿಗೆ ಕಟ್ಟಿಕೊಳ್ಳಬೇಕಾಗಿದೆ. — ಕನಕಲಕ್ಷ್ಮಿ."

ಸಾಹೇಬರು ಕಾಗದವನ್ನು ಎರಡು ಸಲ ಓದಿದರು. ನೀರು ತರಿಸಿ ಕುಡಿದರು. ಆಮೇಲೆ ತಿಮ್ಮಯ್ಯನ ಕಡೆ ತಿರುಗಿ, "ಅಷ್ಟು ಹೋಲುತ್ತದೇನಯ್ಯ?" ಎಂದು ಕೇಳಿದರು.

"ಬೆರ್ಳು ಮಾತ್ರ ಸ್ವಾಮಿ," ಎಂದನು ತಿಮ್ಮಯ್ಯ. "ಮಿಕ್ಕುದ್ದು ಪೂರಾ ನೋಡ್ದೆ ಓಗ್ಬುಟ್ರಿ ತಾವು."

ಸಾಕ್ಷ್ಯ ಪೂರ್ಣವಾಗಿಲ್ಲವೆಂದು ಕಂಡುಬಂದುದರಿಂದ, ಅಂದು ಸಂಜೆ ಆರೂವರೆಗೆ ಸದರಿ ರೀಲನ್ನು ಡೇರೆಯಲ್ಲಿಯೇ ವಿಚಾರಣೆಯ ಮುಂದೆ ಹಾಜರುಪಡಿಸಲಾಯಿತು. ಮಿಕ್ಕ ಭಾಗ ಹೀಗಿದೆ: ಅಧಿಕಾರಿ ರುಮಾಲನ್ನು ಕರುವಿನ ಬಾಯಿಂದ ಎಳೆಯುತ್ತಾನೆ. ಕರು ಬಿಡುವುದಿಲ್ಲ. ಬೇರೆ ದಾರಿಯಿಲ್ಲದೆ ಅವನು ಅದನ್ನು ಹಾಗೆಯೇ ತಲೆಗೆ ಸುತ್ತುತ್ತ ಸುತ್ತುತ್ತ ಹೋಗಲಾಗಿ, ಕೊನೆಗೆ ಕರುವಿನ ಮೂತಿ ಅವನ ಕೆನ್ನೆಗೆ ಬಂದು ಅಂಟುತ್ತದೆ. ಆಗ ಅವನು ಬೆರಳೆತ್ತಿ ಕರುವಿಗೆ ಬುದ್ಧಿ ಹೇಳುತ್ತಾನೆ. ಕರು ಅವನ ಬೆರಳನ್ನು ನೆಕ್ಕುತ್ತದೆ.

ಇಲ್ಲಿ ಶ್ರೀ ಯೋಗಾನರಸಿಂಹಯ್ಯನವರಿಂದ ಒಂದು ಸದ್ದು ಬಂದಿದ್ದು, ಮೊದಲಿಗೆ ಅದನ್ನು ಕೆಮ್ಮೆಂದು ದಾಖಲಿಸಲಾಯಿತು. ಅನಂತರ ತಿದ್ದಲಾಯಿತು. ಅವರು ನಕ್ಕು ನಕ್ಕು ಕುರ್ಚಿಯಿಂದ ಜಾರಿ ಮರಳಿಗೆ ಇಳಿದಾಗ ತಿಮ್ಮಯ್ಯನು ರಟ್ಟೆ ಹಿಡಿದು ಎತ್ತಿದನು. ವಿಚಾರಣಾಧಿಕಾರಿಗಳ ಕನ್ನಡಕ ಬಿದ್ದುದನ್ನು ದಾಖಲಿಸುವ ಅಗತ್ಯ ಕಂಡುಬಂದಿಲ್ಲ.

ಮೇಲ್ಕಂಡ ಕಾರಣಗಳಿಂದ, ಇಂಥ ಗೊಂದಲ ಮರುಕಳಿಸದಿರಲೆಂದು ನೌಕರವರ್ಗಕ್ಕೆ ಈ ಕೆಳಕಂಡಂತೆ ತಾಕೀತು ಮಾಡಲಾಗಿದೆ:

೧. ನಗುವ ಮುನ್ನ ಹಿಂದಿನ ಕುರ್ಚಿಯಲ್ಲಿ ಯಾರಿದ್ದಾರೆಂದು ನೋಡಿಕೊಳ್ಳತಕ್ಕದ್ದು. ನೋಡಿಕೊಂಡ ಮೇಲೆ ನಗು ಹೆಚ್ಚಾದಲ್ಲಿ ಇಲಾಖೆ ಹೊಣೆಯಲ್ಲ.

೨. ಗುಮಾಸ್ತರು ಮೀಸೆಯೊಳಗೆ ನಗತಕ್ಕದ್ದು. ಮೀಸೆ ಇಲ್ಲದವರು ಪಕ್ಕದವರ ಹೆಗಲ ಮರೆಯಲ್ಲಿ ನಗಬಹುದು. ಸದರಿ ಹೆಗಲು ಮೇಲಧಿಕಾರಿಗಳದ್ದಾಗಿರಕೂಡದು.

೩. ಒಂದು ರೀಲಿನ ನಗುವನ್ನು ಆ ರೀಲಿನಲ್ಲಿಯೇ ಮುಗಿಸತಕ್ಕದ್ದು. ರೀಲು ಬದಲಿಸಲು ದೀಪ ಹಾಕಿದಾಗ ಉಳಿದ ನಗು ಕಂಡುಬಂದರೆ ಕಾರಣ ಕೇಳಲಾಗುವುದು.

೪. ನೋಡದವರಿಗೆ ನೋಡಿದವರು ಹಾಸ್ಯದ ಘಟ್ಟವನ್ನು ಮುಂಚೆಯೇ ಹೇಳಕೂಡದು. ಆತಗೂರಿನ ಗುಮಾಸ್ತ ಚೌಡಯ್ಯನು ಕಣಜದ ಸೀನನ್ನು ನಟಿಸಿ ತೋರಿಸಿದ್ದರಿಂದ ಇಬ್ಬರು ಸಹೋದ್ಯೋಗಿಗಳು ಕಛೇರಿಯಲ್ಲೇ ನಕ್ಕು ಮುಗಿಸಿ, ಡೇರೆಯಲ್ಲಿ ನಗಲಾರದೆ ದೂರು ಸಲ್ಲಿಸಿರುತ್ತಾರೆ.

೫. ನಡುಮಧ್ಯಾಹ್ನ ಕಡತ ಬರೆಯುವಾಗ ನೆನೆದು ನಕ್ಕರೆ ಅದನ್ನು ಗೈರುಹಾಜರಿಯೆಂದು ಎಣಿಸಲಾಗುವುದು. ದೇಹ ಇಲ್ಲಿದ್ದರೂ ನೌಕರನು ಡೇರೆಯಲ್ಲಿದ್ದನೆಂದು ಭಾವಿಸಲಾಗುವುದು.

೬. ಅಧಿಕಾರಿಗಳ ಪತ್ನಿಯರ ನಗುವಿಗೆ ಯಾವ ನಿಯಮವೂ ಅನ್ವಯಿಸುವುದಿಲ್ಲ. ಅವರನ್ನು ವಜಾ ಮಾಡುವ ಅಧಿಕಾರವನ್ನು ಇಲಾಖೆಯ ಯಾವ ಕೈಪಿಡಿಯಲ್ಲೂ ಹುಡುಕಲಾಗಿ ಸಿಕ್ಕಿರುವುದಿಲ್ಲ. ಪೆಟ್ಟಿಗೆ ಕಟ್ಟುವುದು ಬೇಡವೆಂದು ಈ ಮೂಲಕ ಸೂಚಿಸಲಾಗಿದೆ.

ತಿಮ್ಮಯ್ಯನನ್ನು ನಿಲ್ಲಿಸಿದ ದಿನದಿಂದಲೇ ಪುನಃ ನೇಮಿಸಲಾಗಿದೆ. ಉಲ್ಲೇಖ ೨ರಲ್ಲಿ ಶಾಖಾಧಿಕಾರಿಗಳು ತಮ್ಮ ದೂರನ್ನು ಹಿಂತೆಗೆದುಕೊಂಡು, ಬರುವ ಶನಿವಾರ ಒಂದು ದಿನದ ರಜೆ ಕೋರಿರುತ್ತಾರೆ. ಕಾರಣದ ಜಾಗದಲ್ಲಿ "ಮನೆಯವರು ಕೇಳಿದರು" ಎಂದಿದೆ. ಮಂಜೂರು ಮಾಡಲಾಗಿದೆ.

(ಸಹಿ) ಪಾರ್ಥಸಾರಥಿ
ವಿಚಾರಣಾಧಿಕಾರಿ

ಪ್ರತಿಗಳು:
೧. ಮಂಡ್ಯ, ಮದ್ದೂರು, ಮಳವಳ್ಳಿಯ ಎಲ್ಲ ಶಾಖೆಗಳಿಗೆ, ಗಂಭೀರವಾಗಿ ಓದಿಹೇಳುವ ಬಗ್ಗೆ.
೨. ಯಲಿಯೂರಿನ ಶಾಖೆಗೆ, ಎರಡನೇ ಸಲ. ಮೊದಲ ಪ್ರತಿಯನ್ನು ಓದಿಹೇಳುವವರು ಮುಗಿಸಲಾಗಲಿಲ್ಲವೆಂದು ವರದಿಯಾಗಿದೆ.
೩. ಮರಿತಾಯಮ್ಮನಿಗೆ, ಓದು ಬಾರದ್ದರಿಂದ ಬಾಯಿಮಾತಿನಲ್ಲಿ.
೪. ಡೇರೆಯ ಮಾಲೀಕರಿಗೆ, ಹಾಲಿ ಮೊಕ್ಕಾಂ ಮಳವಳ್ಳಿ: ಶನಿವಾರ ಸಂಜೆಯ ಆಟಕ್ಕೆ ಎರಡು ಕುರ್ಚಿಗಳನ್ನು ಕಾದಿರಿಸತಕ್ಕದ್ದು. ಗಂಡಸರ ಕಡೆಗೊಂದು ಹೆಂಗಸರ ಕಡೆಗೊಂದು ಹಾಕಿ, ನಡುವಿನ ಪರದೆಯನ್ನು ಒಂದು ಮೊಳ ಎತ್ತಿ ಕಟ್ಟತಕ್ಕದ್ದು.