ಮೇಣದಲ್ಲೊಂದು ಹೊಂಡ

ಇಗರ್ಜಿಯ ಹಬ್ಬಕ್ಕೆಂದು ಕಾಪುವಿನ ಲಿಯೋನೆಲ್ ಮಾಸ್ಟ್ರು ಎರಕ ಹೊಯ್ದಿದ್ದ ದೊಡ್ಡ ಮೇಣದಬತ್ತಿಯ ನೆತ್ತಿಯಲ್ಲಿ ಬೆಳಗಾಗುವಷ್ಟರಲ್ಲಿ ಒಂದು ಹೊಂಡ ಬಿದ್ದಿತ್ತು. ರಗಳೆ ಶುರುವಾದದ್ದೇ ಅಲ್ಲಿಂದ.

ಹರಕೆಯ ಮೇಣ ಪಕ್ಕದ ಮನೆಯ ಇಮೆಲ್ಡಾ ಬಾಯಿಯದ್ದು. ಅವರು ಹೊಂಡದೊಳಗೆ ಕೈ ಇಳಿಸಿದರು. ಮಣಿಕಟ್ಟಿನ ತನಕ ಹೋಯಿತು.

"ನಿನ್ನೆ ನನ್ನ ಎದುರೇ ಅಚ್ಚಿನ ಬಾಯಿ ತನಕ ತುಂಬಿಸಿದ್ದಿರಲ್ಲ ಮಾಸ್ಟ್ರೇ? ಉಳಿದ ಮೇಣ ಎಲ್ಲಿ ಉಂಟು?"

"ಎಲ್ಲಿಗೂ ಹೋಗಲಿಲ್ಲ ಬಾಯಿ. ಗಟ್ಟಿಯಾಯಿತು, ಅಷ್ಟೆ."

"ಗಟ್ಟಿಯಾದರೆ ಕಾಣೆಯಾಗುತ್ತದಾ?"

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ಟ್ರಿಗೆ ಕಣ್ಣು ತೆರೆದುಕೊಂಡೇ ಕನಸು ಕಾಣುವ ಅಭ್ಯಾಸ. ಹೊಂಡ ನೋಡುತ್ತ ನೋಡುತ್ತ ಅವರಿಗೆ ಮೇಣದ ಅಣುಗಳೇ ಕಾಣತೊಡಗಿದವು. ಕರಗಿದ್ದಾಗ ಅವು ಪೂಜೆಗೆ ಮೊದಲು ಚರ್ಚಿನ ಅಂಗಳದಲ್ಲಿ ಅಡ್ಡಾಡುವ ಜನರಂತೆ ಅತ್ತಿತ್ತ ತೇಲುತ್ತಿದ್ದವು. ತಣಿಯುತ್ತಿದ್ದಂತೆ ಗಂಟೆ ಕೇಳಿದವರ ಹಾಗೆ ಒಳಗೆ ಬಂದು, ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತವು. ಜನ ಅಷ್ಟೇ, ಜಾಗ ಮಾತ್ರ ಕಡಿಮೆ ಸಾಕು. ಎಂಥ ಚಂದ!

ಅವರು ಕನಸಿನಿಂದ ಇಳಿಯುವಷ್ಟರಲ್ಲಿ ಇಮೆಲ್ಡಾ ಬಾಯಿ ಗೇಟು ದಾಟಿಯಾಗಿತ್ತು. ಮಾಸ್ಟ್ರು ಕದ್ದ ಮೇಣ ಮೊದಲ ಮನೆಯಲ್ಲಿ ಒಂದು ಲೋಟದಷ್ಟಿತ್ತು, ಬಾವಿಕಟ್ಟೆಯ ಹತ್ತಿರ ಬಕೆಟ್ ಆಯಿತು, ಬಸ್‌ಸ್ಟಾಪಿಗೆ ಮುಟ್ಟುವಾಗ ಡ್ರಮ್ಮು.

"ನನಗಾದರೂ ನಿಜ ಹೇಳಿ, ಎಲ್ಲಿಟ್ಟಿದ್ದೀರಿ?" ಎಂದು ಹೆಂಡತಿ ಬೆನೆಡಿಕ್ಟಾಳೂ ಪಿಸುಗುಟ್ಟಿದಳು.

ಕೊನೆಗೆ ಮೇಣದಬತ್ತಿಯನ್ನು ರೋಗಿಯಂತೆ ರಿಕ್ಷಾದಲ್ಲಿ ಮಲಗಿಸಿ, ಮೊದಲು ಮೇಣ ತೂಗಿ ಕೊಟ್ಟಿದ್ದ ಅಲಿಯಬ್ಬನ ಅಂಗಡಿಗೇ ಒಯ್ದರು. ಅಲಿಯಬ್ಬ ತಕ್ಕಡಿಯತ್ತ ಬಗ್ಗಿ ನೋಡಿದ.

"ಕೊಟ್ಟಷ್ಟೂ ಉಂಟು ಬಾಯಿ. ಒಂಚೂರೂ ಕಡಿಮೆ ಇಲ್ಲ!"

ಇಮೆಲ್ಡಾ ಬಾಯಿಯ ಮುಖ ಇಷ್ಟೇ ಆಯಿತು. ಮಾಸ್ಟ್ರು ಎದೆಯುಬ್ಬಿಸಿ, ಸೇರಿದ ಮಂದಿಗೆಲ್ಲ ಅಣುಗಳ ಕತೆ ಹೇಳಿದರು. "ಕರಗಿದ್ದು ಗಟ್ಟಿಯಾಗುವಾಗ ಒತ್ತೊತ್ತಾಗಿ ಕೂರುತ್ತದೆ, ಕುಗ್ಗುತ್ತದೆ. ತಿಳಿಯಿತಾ?" ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದರು.

ಮಧ್ಯಾಹ್ನ ಮಾಸ್ಟ್ರು ಕಡಲ ಗಾಳಿಗೆ ಆರಾಮಕುರ್ಚಿಯಲ್ಲಿ ಒರಗಿದರು. ಅಣುಗಳು ಒಂದೊಂದಾಗಿ ಬಂದು ಅವರಿಗೆ ಹಾರ ಹಾಕುತ್ತಿದ್ದವು.

ಠಪ್!

ಸಂಜೆಯಾಗಿತ್ತು. ಅಡುಗೆಮನೆಯಿಂದ ಬೆನೆಡಿಕ್ಟಾ ಒಡೆದ ಬಾಟಲಿಯ ಕುತ್ತಿಗೆ ಹಿಡಿದುಕೊಂಡೇ ಬಂದಳು.

"ಗಟ್ಟಿಯಾದರೆ ಕುಗ್ಗುತ್ತದೆ ಅಂದಿರಲ್ಲ? ಹಬ್ಬದ ದ್ರಾಕ್ಷಿ ಶರಬತ್ತನ್ನು ಬಾಯಿ ತನಕ ತುಂಬಿಸಿ ಫ್ರೀಜರಿನಲ್ಲಿಟ್ಟೆ!"

"ಅಯ್ಯೋ, ನೀರು ಹಾಗಲ್ಲ ಮಾರಾಯ್ತಿ! ಮಂಜುಗಡ್ಡೆಯಾಗುವಾಗ ಅದರ ಅಣುಗಳು ಕೈ ಕೈ ಹಿಡಿದು, ತೋಳು ಚಾಚಿ ದೂರ ನಿಲ್ಲುತ್ತವೆ. ಅದಕ್ಕೆ ಜಾಗ ಜಾಸ್ತಿ ಬೇಕು..."

ಪಕ್ಕದ ಮನೆಯಲ್ಲೂ ಠಪ್ ಎಂದಿತು. ಅಷ್ಟರಲ್ಲಿ ಅಲಿಯಬ್ಬನ ಫೋನ್ ಬಂತು. "ಮಾಸ್ಟ್ರೇ, ಅಂಗಡಿಯ ಫ್ರೀಜರಿನಲ್ಲಿ ಎಂತ ಇದು, ಪಟಾಕಿಯಾ?"

ಇಮೆಲ್ಡಾ ಬಾಯಿ ಬಾಗಿಲಲ್ಲಿ ಬಂದು ನಿಂತರು. ಸೀರೆಯಿಡೀ ಕೆಂಪು ಶರಬತ್ತು.

"ನೀವು ಮೇಣ ಕದ್ದಿದ್ದರೇ ಒಳ್ಳೆಯದಿತ್ತು ಮಾಸ್ಟ್ರೇ," ಎಂದರು, "ನಮ್ಮ ಬಾಟಲಿಗಳಾದರೂ ಉಳಿಯುತ್ತಿದ್ದವು."