ಗಿಟಾರಿಗೆ ಹೊಸ ಪಿಕಪ್ ಆರಿಸಿದ್ದು

ಅಂಗಡಿಯವನು ಎರಡು ವಸ್ತುಗಳನ್ನು ಮುಂದಿಟ್ಟು "ಯಾವ್ದು ಕೊಡ್ಲಿ ಸಾರ್?" ಎಂದರೆ ಸಾಕು, ನನ್ನ ಕೈಕಾಲು ತಣ್ಣಗಾಗುತ್ತವೆ. ಆರಿಸುವ ಯೋಗ ನನ್ನ ಜಾತಕದಲ್ಲೇ ಇಲ್ಲ. ಒಮ್ಮೆ ಗಾಂಧಿ ಬಜಾರಿಗೆ ಕನ್ನಡಕದ ಫ್ರೇಮು ಆರಿಸಲು ಹೋಗಿದ್ದೆ. ಬರೀ ಫ್ರೇಮು ಹಾಕಿಕೊಂಡು ಕನ್ನಡಿ ನೋಡಿದರೆ ನನ್ನ ಮುಖ ನನಗೇ ಕಾಣದೆ, ಮೂರು ದಿನ ಅಲೆದು, ಕೊನೆಗೆ ಹಳೆಯ ಫ್ರೇಮಿಗೇ ಹೊಸ ಗಾಜು ಹಾಕಿಸಿಕೊಂಡು ಬಂದೆ. ಇಂಥವನಿಗೆ ದೇವರು ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಕೊಡಬಾರದಿತ್ತು.

ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಭಾನುವಾರ ಮತ್ತು ಶಾಲೆಯ ರಜೆಯಲ್ಲಿ ಮಾತ್ರ ಭದ್ರಾವತಿಯ ಮುರುಗೇಶನ ಆರ್ಕೆಸ್ಟ್ರಾದಲ್ಲಿ ಗಿಟಾರ್ ವಾದಕ. ಒಂದು ಭಾನುವಾರ ಅಭ್ಯಾಸದ ನಡುವೆ ನನ್ನ ಗಿಟಾರು ಬಾಗಿಲಿಗೆ ಬಾಲ ಸಿಕ್ಕಿದ ಬೆಕ್ಕಿನಂತೆ ಕಿರುಚಿತು. ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಸದ್ದಾಗಿಸುವ ಪಿಕಪ್‌ಗೆ ವಯಸ್ಸಾಗಿತ್ತು. ಮುರುಗೇಶ ನಯವಾಗಿಯೇ ಹೇಳಿದ: "ಸಾರ್, ತಿಂಗಳ ಕೊನೇಲಿ ರಿಸೆಪ್ಷನ್ ಐತೆ. ಅಷ್ಟ್ರೊಳಗೆ ಸರಿ ಮಾಡ್ಸಿ. ಇಲ್ಲಾಂದ್ರೆ ಬೇಜಾರ್ ಮಾಡ್ಕೋಬೇಡಿ, ಶೋಭಾ ಮೇಡಂ ಕೀಬೋರ್ಡಲ್ಲೇ ಗಿಟಾರ್ ಸೌಂಡು ಐತೆ, ಅವ್ರೇ ಮ್ಯಾನೇಜ್ ಮಾಡ್ತಾರೆ." ಶೋಭಾ ಮೇಡಂ ಅಂಗನವಾಡಿ ಶಿಕ್ಷಕಿ, ಬಲು ಒಳ್ಳೆಯವರು. ಆದರೆ ಅವರ ಕೀಬೋರ್ಡಿನಲ್ಲಿ ನಾನೂ ಒಂದು ಗುಂಡಿ ಎಂದು ತಿಳಿದ ಮೇಲೆ ನನಗೆ ಊಟ ಸೇರಲಿಲ್ಲ. ಹನ್ನೊಂದು ವರ್ಷ ನಿಂತ ಜಾಗ ಅದು.

ಬೇಕಾಗಿದ್ದುದು ಹಂಬಕರ್ ಎಂಬ ಜಾತಿಯ ಪಿಕಪ್. ಅಯಸ್ಕಾಂತದ ಜೊತೆ ತಾಮ್ರದ ತಂತಿಯ ಎರಡು ಸುರುಳಿ. ಒಂದರ ಗುಂಯ್‌ಗುಡುವಿಕೆಯನ್ನು ಇನ್ನೊಂದು ಅಳಿಸಿಹಾಕುತ್ತದೆ. ಅಕ್ಕಪಕ್ಕ ಕೂತ ಇಬ್ಬರು ಹೀಗೆ ಒಬ್ಬರ ಗೊಣಗಾಟವನ್ನು ಒಬ್ಬರು ಅಳಿಸುವ ವಿದ್ಯೆ ನಮ್ಮ ಮನೆಗೆ ಇನ್ನೂ ಬಂದಿಲ್ಲ. ಪ್ರತಿವರ್ಷ ಹತ್ತನೇ ತರಗತಿಗೆ ಸುರುಳಿ, ಅಯಸ್ಕಾಂತದ ಪಾಠ ಮಾಡುವವನಿಗೆ ಇದೇನು ಮಹಾ ಎಂದುಕೊಂಡೆ. ಗೊತ್ತಿದ್ದದ್ದೇ ತೊಂದರೆಯಾಯಿತು. ಯಾವ ಅಯಸ್ಕಾಂತ, ಎಷ್ಟು ಸುತ್ತು, ಎಷ್ಟು ಓಮ್ ಎಂದು ನೋಟ್ಸ್ ಬರೆಯತೊಡಗಿದೆ. ಮಕ್ಕಳನ್ನು ಸಕ್ರೆಬೈಲಿಗೆ ಪ್ರವಾಸ ಕರೆದುಕೊಂಡು ಹೋದಾಗ ಅವರೆಲ್ಲ ಆನೆಯ ಸ್ನಾನ ನೋಡುತ್ತಿದ್ದರೆ, ನಾನು ಮೊಬೈಲನ್ನು ಕಿವಿಗೊತ್ತಿಕೊಂಡು ಯಾರೋ ನುಡಿಸಿದ ಹದಿನಾರು ಪಿಕಪ್‌ಗಳನ್ನು ಕೇಳುತ್ತಿದ್ದೆ. ಹದಿನಾರೂ ಒಂದೇ ಥರ ಕೇಳಿಸಿ ಗಾಬರಿಯಾಯಿತು. ನನ್ನ ಕಿವಿಯೇ ಹೋಗಿದೆಯೇನೋ ಎಂದು ಡಾಕ್ಟರ ಹತ್ತಿರವೂ ಹೋಗಿ ಬಂದೆ.

"ಒಂದರ ನಾದ ಬೆಚ್ಚಗಿರುತ್ತಂತೆ, ಇನ್ನೊಂದರದು ಕೆನೆಯ ಹಾಗಂತೆ" ಎಂದು ಹೆಂಡತಿ ಸುಮಾಳ ಮುಂದೆ ಅಲವತ್ತುಕೊಂಡೆ.

"ರೀ, ನೀವು ಗಿಟಾರಿಗೆ ಸಾಮಾನು ತರ್ತಿದ್ದೀರೋ, ಹಾಲು ತರ್ತಿದ್ದೀರೋ? ಯಾವ್ದೋ ಒಂದು ಹಾಕಿ ಮಾರಾಯ್ರೆ!"

ಆ "ಯಾವ್ದೋ ಒಂದು" ಎಂಬುದೇ ನನ್ನಿಂದ ಆಗದ ಕೆಲಸ. ಬೆಚ್ಚಗಿನದನ್ನು ತರಿಸಲು ಆರ್ಡರ್ ಕೊಟ್ಟೆ, ರದ್ದು ಮಾಡಿದೆ. ಕೆನೆಯದಕ್ಕೆ ಕೊಟ್ಟೆ, ಅದನ್ನೂ ರದ್ದು ಮಾಡಿದೆ. ಕೊನೆಗೆ ಮತ್ತೆ ಬೆಚ್ಚಗಿನದೇ ಮನೆಗೆ ಬಂದಾಗ ರಿಸೆಪ್ಷನ್ನಿಗೆ ಒಂದೇ ದಿನ ಉಳಿದಿತ್ತು. ಶಾಲೆಯ ಲ್ಯಾಬಿನ ಸೋಲ್ಡರಿಂಗ್ ಐರನ್ ತಂದು, ಬೆರಳು ಸುಟ್ಟುಕೊಂಡು ಜೋಡಿಸಿದೆ. ಕಿರುಚಾಟವೇನೋ ನಿಂತಿತ್ತು. ಆದರೆ ಕೆನೆಯದೇ ಸರಿಯಾಗಿತ್ತೇನೋ ಎಂಬ ಸಂಕಟ ಶಿವಮೊಗ್ಗದಿಂದ ಭದ್ರಾವತಿಯವರೆಗೆ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂತು.

ಛತ್ರದಲ್ಲಿ ಮೊದಲ ಹಾಡು ಶುರುವಾಯಿತು. ನಾನು ತಂತಿ ಮೀಟಿದೆ. ಏನು ಹೇಳಲಿ! ಸ್ಪೀಕರಿನಿಂದ ಬಂದ ಆ ದುಂಡನೆಯ, ತುಂಬಿದ ನಾದ ಕೇಳಿ ಕಣ್ಣಲ್ಲಿ ನೀರೇ ಬಂತು. ಜನ್ಮದಲ್ಲಿ ಒಮ್ಮೆಯಾದರೂ ಸರಿಯಾದದ್ದನ್ನು ಆರಿಸಿದ್ದೆ. ಮೂರು ಹಾಡು ಮೈಮರೆತು ನುಡಿಸಿದೆ. ಮುರುಗೇಶ ಹತ್ತಿರ ಬಂದು, "ಸೂಪರ್ ಸಾರ್! ಗಿಟಾರ್ ಅಂದ್ರೆ ಇದು!" ಎಂದು ಭುಜ ತಟ್ಟಿದ.

ಇನ್ನೂ ಸ್ವಲ್ಪ ಜೋರಾಗಲಿ ಎಂದು ಗಿಟಾರಿನ ವಾಲ್ಯೂಮ್ ಗುಂಡಿಗೆ ಕೈ ಹಾಕಿದೆ. ಅದು ಸೊನ್ನೆಯಲ್ಲಿತ್ತು. ಹಳೆಯದು ಕಿರುಚುತ್ತಿದ್ದಾಗ ಹಾಡು ಶುರುವಾಗುವವರೆಗೆ ಸದ್ದು ಪೂರ್ತಿ ಇಳಿಸಿಡುವುದು ಅಭ್ಯಾಸವಾಗಿತ್ತು. ಅವತ್ತೂ ಕೈ ತಾನಾಗಿಯೇ ಆ ಕೆಲಸ ಮಾಡಿತ್ತು, ಮತ್ತೆ ಏರಿಸಲು ಮರೆತಿತ್ತು. ತಿರುಗಿ ನೋಡಿದರೆ ಶೋಭಾ ಮೇಡಂ ಕೀಬೋರ್ಡಿನ ಮೇಲೆ ಬಗ್ಗಿ ಪಿಸುಗುಟ್ಟಿದರು: "ನಿಮ್ದು ಕೇಳಿಸ್ತಾನೇ ಇರ್ಲಿಲ್ಲ ಸಾರ್, ಅದಕ್ಕೆ ನಾನೇ ನುಡಿಸ್ದೆ. ಮುರುಗೇಶಣ್ಣಂಗೆ ಹೇಳಲ್ಲ, ಬಿಡಿ."

ನಾಲ್ಕನೇ ಹಾಡಿಗೆ ಗುಂಡಿ ಏರಿಸಿ ನನ್ನದೇ ನಾದ ಕೇಳಿಸಿದೆ. ಮುರುಗೇಶ ಹಾಡುತ್ತಲೇ ಹಿಂತಿರುಗಿ ನೋಡಿ, ಮುಖ ಸಿಂಡರಿಸಿ, ಕಡಿಮೆ ಮಾಡಿ ಎಂದು ಕೈಸನ್ನೆ ಮಾಡಿದ. ಕಡಿಮೆ ಮಾಡಿದೆ. ಪೂರ್ತಿ ಕಡಿಮೆ ಮಾಡಿದ ಮೇಲೆ ಅವನ ಮುಖ ಅರಳಿತು.

ನನ್ನ ಜಾಗವೇನೋ ಉಳಿಯಿತು. ಹೊಸ ಪಿಕಪ್ಪಿನ ಖ್ಯಾತಿ ಎಷ್ಟು ಹಬ್ಬಿದೆಯೆಂದರೆ, ಗಾಜನೂರಿನವರು ಮುಂದಿನ ಕಾರ್ಯಕ್ರಮಕ್ಕೆ ಗಿಟಾರ್ ಮೇಷ್ಟ್ರು ಬರಲೇಬೇಕು ಎಂದಿದ್ದಾರಂತೆ. ಆ ದಿನ ಶೋಭಾ ಮೇಡಂಗೆ ಅಂಗನವಾಡಿಯಿಂದ ರಜೆ ಸಿಗುತ್ತದೋ ಇಲ್ಲವೋ ಎಂಬುದೊಂದೇ ಈಗ ನನ್ನ ಚಿಂತೆ.