ಎಡಗಡೆಯ ಸಿಲಿಂಡರು ಮತ್ತು ನಾಕು ಮುಚ್ಚಳ ಎಣ್ಣೆ

ಪೂರ್ತಿ ಕೆಟ್ಟುಹೋದ ವಾಹನದ ಬಗ್ಗೆ ನನಗೆ ಗೌರವವಿದೆ. ಅದು ನಿಂತಲ್ಲಿ ನಿಲ್ಲುತ್ತದೆ, ನಾವು ತಳ್ಳುತ್ತೇವೆ, ವ್ಯವಹಾರ ಮುಗಿಯಿತು. ಅರ್ಧ ಕೆಟ್ಟ ವಾಹನವಿದೆಯಲ್ಲ, ಅದರಷ್ಟು ಜೀವ ತಿನ್ನುವ ವಸ್ತು ಇನ್ನೊಂದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಗದಗಿನಿಂದ ಪುಣೆಗೆ ಬಂದ ಹೊಸತರಲ್ಲಿ ನಾನು ಕೊಂಡ ಹಳೆಯ ಟೂ-ಸ್ಟ್ರೋಕ್ ಬೈಕು ಈ ಜಾತಿಯದು. ಅದಕ್ಕೆ ಎರಡು ಸಿಲಿಂಡರು, ಎರಡು ಕಾರ್ಬುರೇಟರು, ಎರಡು ಸೈಲೆನ್ಸರು. ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ ಎಂದು ಮಾರಿದವನು ಹೇಳಿದ್ದ. ಕೆಡುವ ಸಾಮಾನೂ ಎರಡು ಪಟ್ಟು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಎಡಗಡೆಯ ಸಿಲಿಂಡರು ಮನಸ್ಸು ಬಂದಾಗ ಉರಿಯುತ್ತಿತ್ತು, ಬೇಸರ ಬಂದಾಗ ಸುಮ್ಮನಿರುತ್ತಿತ್ತು. ಬಲಗಡೆಯದು ಪಾಪ, ಒಂಟಿ ಎತ್ತಿನ ಹಾಗೆ ನನ್ನನ್ನೂ ತನ್ನ ಜೋಡಿಯನ್ನೂ ಎಳೆದುಕೊಂಡು ಭೋಸರಿಯವರೆಗೆ ಹೋಗುತ್ತಿತ್ತು.

ಭೋಸರಿಯ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ ಕೀಪರ್. ದಿನಾ ನಟ್ಟು ಬೋಲ್ಟು ಎಣಿಸಿ ಕೊಡುವವನಿಗೆ ಯಂತ್ರವೂ ತಿಳಿಯುತ್ತದೆ ಎಂದು ನಂಬಿದ್ದೆ. ಅದೇ ನಂಬಿಕೆಯಲ್ಲಿ ಒಂದು ರಜೆಯ ದಿನ ಹಳೆಯ ಪೇಪರು ಹಾಸಿ ಎಡಗಡೆಯ ಕಾರ್ಬುರೇಟರ್ ಬಿಚ್ಚಿದೆ. ಒಳಗೆಲ್ಲ ಕಪ್ಪು ಜಿಡ್ಡು. ಪೆಟ್ರೋಲು ಹಾಯುವ ಸೂಜಿಮೊನೆಯಷ್ಟು ತೂತು ಮುಚ್ಚಿಹೋಗಿತ್ತು. ಬಾಯಿಂದ ಊದಿದೆ. ಪೆಟ್ರೋಲಿನ ರುಚಿ ಎರಡು ದಿನ ಚಹಾದಲ್ಲೂ ಬರುತ್ತಿತ್ತು. ಎಲ್ಲ ಜೋಡಿಸಿದ ಮೇಲೆ ಪೇಪರಿನ ಮೇಲೆ ಒಂದು ಸ್ಪ್ರಿಂಗು ಉಳಿಯಿತು. ನನ್ನ ಹೆಂಡತಿ ಸುಮಂಗಲಾ ಅದನ್ನು ಎತ್ತಿ ಹಿಡಿದು, “ಇದು ಹೆಚ್ಚಿಂದೇನ್ರಿ?” ಎಂದು ಕೇಳಿದಳು. ಹೆಚ್ಚಿನದೇ ಎಂದೆ. ಮರುದಿನ ಆ ಸ್ಪ್ರಿಂಗನ್ನು ಜೇಬಿನಲ್ಲಿಟ್ಟುಕೊಂಡು ಗಾಡಿಯನ್ನು ಗ್ಯಾರೇಜಿಗೆ ತಳ್ಳಿಕೊಂಡು ಹೋದೆ.

ಗ್ಯಾರೇಜಿನ ದತ್ತೋಬಾ ಮರಾಠಿಯವನು. ಆದರೆ ಸೋಲಾಪುರದ ಅಜ್ಜಿಯ ಮನೆಯಲ್ಲಿ ಬೆಳೆದು ಅಷ್ಟಿಷ್ಟು ಕನ್ನಡ ಕಲಿತಿದ್ದ. ನಾನು ಗದಗಿನವನೆಂದು ತಿಳಿದ ದಿನದಿಂದ “ಬರ್ರಿ ಸಾಹೇಬ್ರ, ಕೂಡ್ರಿ” ಎನ್ನುತ್ತಿದ್ದ. ಸ್ಕ್ರೂ ಬಿಚ್ಚುತ್ತ ನನ್ನ ಖುಷಿಗೆಂದು ಒಂದು, ಎರಡು, ಮೂರು, ನಾಕು ಎಂದು ಎಣಿಸುತ್ತಿದ್ದ. ಪರ ಊರಿನಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದರೆ ಬುದ್ಧಿ ಸ್ವಲ್ಪ ಮಂಕಾಗುತ್ತದೆ. ನನಗೆ ಆದದ್ದೂ ಅದೇ. ದತ್ತೋಬಾ ಉಳಿದ ಸ್ಪ್ರಿಂಗನ್ನು ಅದರ ಜಾಗಕ್ಕೆ ಸೇರಿಸಿ, ಎಂಜಿನ್ ಚಾಲೂ ಮಾಡಿ, ಒಂದೊಂದೇ ಪ್ಲಗ್ಗಿನ ಟೋಪಿ ಕಿತ್ತು ನೋಡಿದ. ಬಲಗಡೆಯದನ್ನು ಕಿತ್ತರೆ ಎಂಜಿನ್ ಸತ್ತಿತು. ಎಡಗಡೆಯದನ್ನು ಕಿತ್ತರೆ ಎಂಜಿನ್ನಿಗೆ ಅದು ಗೊತ್ತೇ ಆಗಲಿಲ್ಲ. ಆ ಪ್ಲಗ್ಗನ್ನು ಹೊರತೆಗೆದರೆ ಬಾಣಲೆಯಿಂದ ತೆಗೆದ ಬದನೆಕಾಯಿಯ ಹಾಗೆ ಎಣ್ಣೆ ಸುರಿಯುತ್ತಿತ್ತು. ಅದನ್ನು ಒರೆಸಿ, ಎರಡೂ ಕಾರ್ಬುರೇಟರ್ ತೊಳೆದು, ಬಾಯಲ್ಲಿ ತಂಬಾಕು ಇಟ್ಟುಕೊಂಡೇ, ಎಂಜಿನ್ನಿನ ಗದ್ದಲದ ನಡುವೆ ಹೇಳಿದ: “ಸಾಹೇಬ್ರ, ತೇಲ್ ಜಾಸ್ತ್ ನಕೋ.”

ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ನಾನು ಡಬ್ಬಿಯ ಮುಚ್ಚಳದಿಂದಲೇ ಅಳೆದು, ಲೀಟರಿಗೆ ಅಂದಾಜಿನ ಮೇಲೆ ಮೂರು ಮುಚ್ಚಳ ಹಾಕುತ್ತಿದ್ದೆ. ಮರಾಠಿಯಲ್ಲಿ ‘ನಕೋ’ ಎಂದರೆ ‘ಬೇಡ’. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಪುಣೆಯಲ್ಲಿ ಮೊದಲ ದಿನವೇ ಕಾಯಿಪಲ್ಲೆ ಮಾರುವವಳಿಂದ ಕಲಿತಿದ್ದೆ. ಆದರೆ ನಮ್ಮ ದತ್ತೋಬಾ ಕನ್ನಡದಲ್ಲಿ ಎಣಿಸುವವನು. ನನಗೆ ಕೇಳಿಸಿದ್ದು, ಎಣ್ಣೆ ಜಾಸ್ತಿ, ನಾಕು. ಆಹಾ, ನನಗಾಗಿ ಕನ್ನಡದಲ್ಲಿ ಹೇಳಿದನಲ್ಲ ಎಂದು ಎದೆ ತುಂಬಿ ಬಂತು. ಅಂದಿನಿಂದ ಲೀಟರಿಗೆ ನಾಕು ಮುಚ್ಚಳ ಹಾಕತೊಡಗಿದೆ.

ಗಾಡಿ ಎರಡು ದಿನ ಓಡಿ ಮೂರನೆಯ ದಿನ ಮತ್ತೆ ಕುಂಟಿತು. ನಾನು ಬೆಳಿಗ್ಗೆ ಕಿಕ್ ಹೊಡೆದರೆ ಕಟ್ಟಡದ ಮಕ್ಕಳು ಸೊಳ್ಳೆಗೆ ಹೊಗೆ ಬಿಡುವವರು ಬಂದರೆಂದು ಓಡಿಬರುತ್ತಿದ್ದರು. ಗ್ಯಾರೇಜಿಗೆ ಹೋದರೆ ದತ್ತೋಬಾ ಮತ್ತೆ ಅದೇ ಪ್ಲಗ್ ಒರೆಸಿ, ಅದೇ ಕಾರ್ಬುರೇಟರ್ ತೊಳೆದು, “ತೇಲ್ ಜಾಸ್ತ್ ನಕೋ” ಎನ್ನುತ್ತಿದ್ದ. ನಾನು “ಹೌದಪ್ಪಾ, ನಾಕ, ನಾಕ” ಎನ್ನುತ್ತಿದ್ದೆ. ಅವನು “ಹಾಂ, ನಕೋ” ಎಂದು ತೃಪ್ತಿಯಿಂದ ತಲೆಯಾಡಿಸುತ್ತಿದ್ದ. ಇಬ್ಬರು ಮನುಷ್ಯರು ಅಷ್ಟು ಸಂಪೂರ್ಣವಾಗಿ ಒಪ್ಪಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಐದನೆಯ ಸಲಕ್ಕೆ, ಈ ಮನುಷ್ಯ ಗಿರಾಕಿ ಕೈತಪ್ಪದಿರಲಿ ಎಂದು ಬೇಕೆಂದೇ ಕೆಡಿಸುತ್ತಿದ್ದಾನೆ ಎಂಬ ಗುಮಾನಿಯೂ ನನಗೆ ಬಂತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಸುಮಂಗಲಾ ತನ್ನ ತಾಯಿಯ ಕಣ್ಣಿನ ಆಪರೇಷನ್ ಸುಸೂತ್ರವಾದರೆ ಜೇಜುರಿಯ ಮೈಲಾರಲಿಂಗನ ಗುಡಿಗೆ ಬಂದು ಭಂಡಾರದ ಅರಿಷಿಣ ಹಾರಿಸುತ್ತೇನೆಂದು ಹರಕೆ ಹೊತ್ತಿದ್ದಳು. ಅತ್ತೆಯವರು ಆಗಲೇ ಸೂಜಿಗೆ ದಾರ ಪೋಣಿಸುತ್ತಿದ್ದರು. ಹರಕೆ ಮಾತ್ರ ಹಾಗೇ ಇತ್ತು. ಅವಳು ಬಸ್ಸಿಗೆ ಹೋಗೋಣ ಎಂದಾಗ, ಮನೆಯಲ್ಲಿ ಗಾಡಿಯಿರುವಾಗ ಬಸ್ಸೇಕೆ ಎಂದು ಹಠ ಹಿಡಿದವನು ನಾನೇ. ಎರಡು ಸಲ ಹೊರಟೆವು. ಎರಡು ಸಲವೂ ದಿವೆ ಘಾಟಿನ ಏರಿನಲ್ಲಿ ಎಡಗಡೆಯದು ಕೈಚೆಲ್ಲಿತು. ಎರಡನೆಯ ಸಲ ಅವಳು ತೆಂಗಿನಕಾಯಿ, ಅರಿಷಿಣದ ಚೀಲ ಹಿಡಿದು ಮೂರು ತಿರುವು ನಡೆದಳು. ನಾನು ಹಿಂದೆ ಗಾಡಿ ತಳ್ಳುತ್ತ ಅವಳ ಮುಖ ಕಾಣದಿರುವುದೇ ಪುಣ್ಯವೆಂದುಕೊಂಡೆ. ಮನೆಗೆ ಬಂದ ಮೇಲೆ ಅವಳು ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಹೇಳಿದಳು: “ಮನಿದೇವರು ಮೈಲಾರಲಿಂಗನ ಬಾಗಲದಾಗ ಬಂದು ಕುಂತೇವಿ, ಇನ್ನೂ ಕೈ ಮುಗದಿಲ್ಲ. ಬರೂ ಐತವಾರ ಘಾಟ್ ಏರಲಿಲ್ಲಂದ್ರ ನಾ ಒಬ್ಬಾಕಿನ ಬಸ್ಸಿಗೆ ಹೋಗಾಕಿ. ತಿರುಗಿ ಬರೂದ್ರಾಗ ಈ ಗಾಡಿ ಮನಿ ಮುಂದ ಇರಬಾರದು.”

ಶನಿವಾರ ಸಂಜೆ ಗ್ಯಾರೇಜಿಗೆ ಹೋದೆ. ಸಂತೆಗೆ ಹೊರಟಿದ್ದ ಅವಳೂ ಜೊತೆಗೆ ಬಂದಳು. ದತ್ತೋಬಾ ಪ್ಲಗ್ ಒರೆಸಿದ, ಕಾರ್ಬುರೇಟರ್ ತೊಳೆದ, “ತೇಲ್ ಜಾಸ್ತ್ ನಕೋ” ಎಂದ. ನನಗೆ ರೇಗಿತು. “ಎಷ್ಟ ಸಲ ಹೇಳತೀಯೋ? ನಾಕ ಹಾಕಾಕತ್ತೀನಿ” ಎಂದೆ.

“ಏನ್ ನಾಕ ಹಾಕಾಕತ್ತೀರಿ?” ಎಂದಳು ಸುಮಂಗಲಾ.

“ಮುಚ್ಚಳ. ಎಣ್ಣಿ.”

ಅವಳು ಚೀಲವನ್ನು ಕೆಳಗಿಟ್ಟಳು. ಸಂತೆಯಲ್ಲಿ ಚೌಕಾಸಿ ಮಾಡಿ ಹರಿತಗೊಂಡ ತನ್ನ ಮರಾಠಿಯಲ್ಲಿ, ಲೀಟರಿಗೆ ಎಷ್ಟು ಮುಚ್ಚಳ ಎಂದು ದತ್ತೋಬಾನನ್ನು ಕೇಳಿದಳು. ಅವನು ಎರಡು ಬೆರಳು ತೋರಿಸಿದ. ಅವಳು ನಾಲ್ಕು ಬೆರಳು ಎತ್ತಿ, ಆಮೇಲೆ ಅದೇ ಕೈಯಿಂದ ನನ್ನ ಕಡೆ ತೋರಿಸಿದಳು. ದತ್ತೋಬಾ ಹೊರಗೆ ಹೋಗಿ ತಂಬಾಕು ಉಗುಳಿ ಬಂದು ಸ್ಟೂಲಿನ ಮೇಲೆ ಕುಳಿತ. ನಕ್ಕಿದ್ದರೆ ಚೆನ್ನಾಗಿತ್ತು. “ಸಾಹೇಬ್ರ, ಅದು ಮರಾಠಿ ಇತ್ತು” ಎಂದಷ್ಟೇ ಹೇಳಿದ. ಆಮೇಲೆ ಪೆಟ್ರೋಲ್ ಟಾಕಿ ಖಾಲಿ ಮಾಡಿ, ಎಡಗಡೆಗೆ ಹೊಸ ಪ್ಲಗ್ ಹಾಕಿ, ಹೊಸ ಪೆಟ್ರೋಲಿಗೆ ತಾನೇ ಎಣ್ಣೆ ಬೆರೆಸಿದ. ಡಬ್ಬಿಯನ್ನು ನನ್ನ ಕೈಗೆ ಕೊಡಲಿಲ್ಲ.

ಐತವಾರ ಎರಡೂ ಸಿಲಿಂಡರು ಒಂದೇ ದನಿಯಲ್ಲಿ ಹಾಡುತ್ತ ಘಾಟ್ ಏರಿದವು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಜೇಜುರಿಯ ಮೆಟ್ಟಿಲ ಮೇಲೆ ಸುಮಂಗಲಾ ಭಂಡಾರ ಹಾರಿಸಿದಳು, ಅರ್ಧ ನನ್ನ ಕಣ್ಣಿಗೇ ಬಿತ್ತು. ಗಾಡಿ ಮನೆಯಲ್ಲಿ ಉಳಿಯಿತು. ಗ್ಯಾರೇಜಿನಲ್ಲಿ ಮಾತಾಡುವ ಅಧಿಕಾರ ಮಾತ್ರ ಅವಳ ಪಾಲಾಯಿತು. ಅಲ್ಲಿಂದಾಚೆ ಏನು ಕೆಟ್ಟರೂ ಅವರಿಬ್ಬರೇ ಮಾತಾಡುತ್ತಿದ್ದರು. ನಾನು ಹೆಲ್ಮೆಟ್ ಹಿಡಿದು ನಿಲ್ಲುತ್ತಿದ್ದೆ. ಒಂದು ದಿನ ಎಂಜಿನ್ನಿನ ಸದ್ದಿನಲ್ಲಿ ದತ್ತೋಬಾ ನನ್ನತ್ತ ನೋಡಿ ಏನೋ ಹೇಳಿದ. ಸುಮಂಗಲಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಹಾದಿಯಲ್ಲಿ ತಡೆಯಲಾರದೆ ಕೇಳಿದೆ, “ಏನಂದ ಅವಾ?”

“ಬಿಡ್ರಿ, ನಿಮಗ ತಿಳಿಯೂದಿಲ್ಲ,” ಎಂದಳು. “ಕನ್ನಡದಾಗ ಅಂದ.”